ಹತ್ತು ದಿನದ ತಿಳಿನೀರು

ನಮ್ಮ ಊರಿನ ಆಸ್ಪತ್ರೆಗೆ ಯಾರೇ ಬಂದು ಸೇರಲಿ, ಮನೆಯಿಂದ ಒಂದು ಲೋಟ ತರಬೇಕು. ಹಾಸಿಗೆ, ಹೊದಿಕೆ ಮರೆತರೂ ನಡೆದೀತು, ಲೋಟ ಮರೆಯುವಂತಿಲ್ಲ. ಸಂಜೆ ಅದರಲ್ಲಿ ನೀರು ತುಂಬಿ ಮಂಚದ ತಲೆಯ ಹತ್ತಿರದ ಗೂಡಿನಲ್ಲಿ ಇಡುತ್ತಾರೆ. ಬೆಳಿಗ್ಗೆ ನೋಡಿದಾಗ ಇಟ್ಟ ಹಾಗೇ ತಿಳಿಯಾಗಿದ್ದರೆ ಆ ರೋಗಿಗೆ ಔಷಧ ಒಗ್ಗಿತು ಎಂದು ಅರ್ಥ. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ಕದಡಿದ್ದರೆ ಇವತ್ತಲ್ಲ ನಾಳೆ ಔಷಧದಿಂದಲೇ ಅವರಿಗೆ ಕೇಡು. ಯಾವ ಔಷಧದಿಂದ, ಎಂಥ ಕೇಡು, ಎಷ್ಟು ದಿನಕ್ಕೆ ಎಂಬುದನ್ನು ನೀರು ಹೇಳುವುದಿಲ್ಲ. ಅದನ್ನು ಹುಡುಕುವುದು ನನ್ನ ಕೆಲಸವಾಗಿತ್ತು.

ನನ್ನ ಹೆಸರು ನೀಲಾಂಬಿಕೆ. ಇಪ್ಪತ್ತಾರು ವರ್ಷ ಅದೇ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದೆ. ದಿನಾ ಬೆಳಿಗ್ಗೆ ಏಳಕ್ಕೆ ಎರಡೂ ವಾರ್ಡು ಸುತ್ತಿ, ಮೂವತ್ತೆಂಟು ಲೋಟ ನೋಡಿ, ತಿಳಿಯಾಗಿದ್ದರೆ 'ತಿಳಿ' ಎಂದೂ ಕದಡಿದ್ದರೆ 'ಕದಡು' ಎಂದೂ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಆಮೇಲೆ ಕದಡಿದವರ ಹತ್ತಿರ ಕೂತು ಮಾತಾಡುವುದು. ಮನೆಯಲ್ಲಿ ಏನು ಕಷಾಯ ಕುಡಿಯುತ್ತಿದ್ದಿರಿ, ಮಂಡಿನೋವಿಗೆ ಯಾವ ಅಂಗಡಿಯ ಮಾತ್ರೆ ನುಂಗಿದಿರಿ, ಮೂತ್ರ ಸರಿಯಾಗಿ ಹೋಗುತ್ತದೆಯೇ, ಹಿಂದೊಮ್ಮೆ ಯಾವುದಾದರೂ ಇಂಜೆಕ್ಷನ್‌ಗೆ ಮೈ ಮೇಲೆ ದದ್ದು ಎದ್ದಿತ್ತೇ. ಜನ ಡಾಕ್ಟರಿಗೆ ಹೇಳದ್ದನ್ನು ನನಗೆ ಹೇಳುತ್ತಿದ್ದರು. ಕುಪ್ಪಸದಲ್ಲಿ ಬಚ್ಚಿಟ್ಟ ಚೂರ್ಣದ ಪೊಟ್ಟಣ, ದಿಂಬಿನ ಕೆಳಗಿನ ನೋವಿನ ಮಾತ್ರೆ ಎಲ್ಲ ಹೊರಗೆ ಬರುತ್ತಿದ್ದವು. ಒಳ್ಳೆ ಮಾತಿಗೆ ಬಾಯಿ ಬಿಡದ ರೋಗಿಯೇ ಇಲ್ಲ ಎಂದು ನನಗೆ ಸಣ್ಣದೊಂದು ಹಮ್ಮು ಇತ್ತು.

ಊರಿನವರು ಈ ಲೋಟಕ್ಕೆ ಹೊಂದಿಕೊಂಡಿದ್ದರು. ಹೊಸದಾಗಿ ಬಂದ ಸಂಬಂಧದವರು ಹುಡುಗನ ಮನೆಯಲ್ಲಿ ಯಾರಿಗಾದರೂ ಲೋಟ ಕದಡಿತ್ತೇ ಎಂದು ಸುತ್ತು ಬಳಸಿ ವಿಚಾರಿಸುತ್ತಿದ್ದರು. ಆಸ್ಪತ್ರೆಯ ಗೇಟಿನ ಎದುರಿನ ಪಾತ್ರೆ ಅಂಗಡಿಯಲ್ಲಿ ಒಳಗೆ ಏನಿದೆ ಎಂದು ಕಾಣದಂತೆ ಕಂಠ ಕಿರಿದಾದ ಚೊಂಬುಗಳನ್ನೇ ಮುಂದೆ ಇಟ್ಟಿರುತ್ತಿದ್ದರು. ಕೆಲವರು ನೀರಿಗೆ ತುಳಸಿ ಹಾಕುತ್ತಿದ್ದರು. ತುಳಸಿ ಹಾಕಿದರೂ ಕದಡುವುದು ಕದಡುತ್ತಿತ್ತು. ಆಸ್ಪತ್ರೆಯವರೂ ಹೊಂದಿಕೊಂಡಿದ್ದರು, ಅದು ಒಳ್ಳೆಯದಾಗಲಿಲ್ಲ. ರಕ್ತ ಪರೀಕ್ಷೆಯ ದೊಡ್ಡ ಯಂತ್ರ ಕೆಟ್ಟು ನಾಲ್ಕು ವರ್ಷವಾದರೂ, ಲೋಟ ಇದೆಯಲ್ಲ ಎಂದು ಯಾರೂ ರಿಪೇರಿ ಮಾಡಿಸಲಿಲ್ಲ. ರಕ್ತದ ಸೀಸೆ ಬಸ್ಸಿನಲ್ಲಿ ಬೇರೆ ಊರಿಗೆ ಹೋಗಿ ಫಲಿತಾಂಶ ಬರಲು ಎಂಟು ದಿನ ಬೇಕಿತ್ತು.

ಒಮ್ಮೆ ನೀರು ಕದಡಿದ್ದರೂ ಔಷಧ ಮುಂದುವರಿಸಿ ಒಬ್ಬರು ತೀರಿಕೊಂಡರು. ಮನೆಯವರು ಬಾಗಿಲಲ್ಲಿ ಕೂತು ಗಲಾಟೆ ಮಾಡಿದರು. ಆಗ ನಮ್ಮ ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ಒಂದು ನಿಯಮ ಮಾಡಿ ಗೋಡೆಗೆ ಹಾಕಿಸಿದರು: ನೀರು ಕದಡಿದವರಿಗೆ ಮೂರು ದಿನ ಎಲ್ಲ ಔಷಧ ನಿಲ್ಲಿಸತಕ್ಕದ್ದು. ಯಾವುದರಿಂದ ಕೇಡು ಎಂದು ಹುಡುಕುವ ಗೋಜೇ ಬೇಡ, ಎಲ್ಲ ನಿಲ್ಲಿಸಿಬಿಟ್ಟರೆ ತಪ್ಪು ಯಾರ ತಲೆಗೂ ಬರುವುದಿಲ್ಲ.

ಆ ನಿಯಮ ಬಂದ ಎರಡನೆಯ ತಿಂಗಳಿಗೆ ಬಾಳಪ್ಪ ಬಂದ. ಖಾರ ಕುಟ್ಟುವ ಗಿರಣಿ ಇಟ್ಟುಕೊಂಡಿದ್ದ ಗಂಡಾಳು, ಮೂವತ್ತೈದರ ಆಸುಪಾಸು. ಚಿಕ್ಕಂದಿನಿಂದ ಮೂರ್ಛೆರೋಗ, ಆದರೆ ಮಾತ್ರೆ ತಪ್ಪಿಸದೆ ನುಂಗುತ್ತಿದ್ದುದರಿಂದ ಎಂಟು ವರ್ಷ ಒಂದು ಸಲವೂ ಬಿದ್ದಿರಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಜ್ವರ ಎಂದು ಸೇರಿದ. ಮರುದಿನವೇ ಲೋಟ ಕದಡಿತು. ನಿಯಮದ ಪ್ರಕಾರ ನಾನೇ ಹೋಗಿ ಅವನ ತಲೆದೆಸೆಯಲ್ಲಿದ್ದ ಮೂರ್ಛೆಯ ಮಾತ್ರೆಯ ಪಟ್ಟಿಯನ್ನೂ ಎತ್ತಿಕೊಂಡೆ. "ಅಕ್ಕಾರ, ಇದೊಂದು ಬಿಡ್ರಿ, ಇದು ಬಿಟ್ರ ನಾ ಉಳಿಯಂಗಿಲ್ಲ" ಎಂದ. ಮೂರೇ ದಿನ ಎಂದು ಸಮಾಧಾನ ಹೇಳಿದೆ. ಮೂರನೆಯ ದಿನ ಮಧ್ಯಾಹ್ನ ಮೂರ್ಛೆ ಶುರುವಾಯಿತು. ಒಂದು ನಿಂತು ಇನ್ನೊಂದು, ಅದು ನಿಂತು ಮತ್ತೊಂದು. ಏನು ಕೊಟ್ಟರೂ ನಿಲ್ಲಲಿಲ್ಲ. ಸಂಜೆಯೊಳಗೆ ಹೋಗಿಬಿಟ್ಟ. ಅವನಿಗೆ ಆಗದೆ ಇದ್ದದ್ದು ಕಫಕ್ಕೆ ಹೊಸದಾಗಿ ಕೊಟ್ಟ ಔಷಧ ಎಂದು ಆಮೇಲೆ ಹಾಳೆ ತಿರುವಿ ನೋಡಿದಾಗ ನನಗೆ ಹೊಳೆಯಿತು. ಅರ್ಧ ಗಂಟೆ ಕೂತು ಯೋಚಿಸಿದ್ದರೆ ಮೊದಲೇ ಹೊಳೆಯುತ್ತಿತ್ತು.

ಬಾಳಪ್ಪನ ಮನೆಯಲ್ಲಿ ಉಳಿದವರು ಇಬ್ಬರು. ಹೆಂಡತಿ ಸಾವಂತ್ರಿ, ತಾಯಿ ಚಂದ್ರವ್ವ. ಮಕ್ಕಳಿರಲಿಲ್ಲ. ಸಾವಂತ್ರಿ ಗಿರಣಿ ತಾನೇ ನಡೆಸತೊಡಗಿದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ದಿನವಿಡೀ ಮೆಣಸಿನಕಾಯಿ ಕುಟ್ಟುವ ಆ ಹೆಂಗಸನ್ನು ದಾರಿಯಲ್ಲಿ ಕಂಡರೆ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ಎರಡು ವರ್ಷ ಹೀಗೇ ಕಳೆಯಿತು.

ಒಂದು ಸೋಮವಾರ ಸಾವಂತ್ರಿ ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಆಸ್ಪತ್ರೆಗೆ ಬಂದಳು. ಚಂದ್ರವ್ವನ ಕಾಲು ಬಾತು ಕುಂಬಳಕಾಯಿಯಾಗಿದ್ದವು, ನಾಲ್ಕು ಹೆಜ್ಜೆಗೆ ಏದುಸಿರು. ಅವಳಿಗೆ ಎದೆಬಡಿತ ತಾಳ ತಪ್ಪುವ ಕಾಯಿಲೆ. ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲಿ ಎಂದು ವರ್ಷದಿಂದ ರಕ್ತ ತೆಳುವಾಗಿಸುವ ಮಾತ್ರೆ ನಡೆದಿತ್ತು. ಆ ಮಾತ್ರೆಯ ಅಳತೆ ನಾಜೂಕಿನದು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ವಾರ್ಡಿನ ಡಾಕ್ಟರ್ ಜುಬೇದಾ ಅವಳ ಹಾಳೆ ನೋಡಿ, "ವಿಚಿತ್ರ ನೋಡಿ ನೀಲಾಂಬಿಕಾ, ಎಷ್ಟು ಕೊಟ್ಟರೂ ಈ ಅಜ್ಜಿಗೆ ರಕ್ತ ತೆಳುವಾಗೋದೇ ಇಲ್ಲ. ಎರಡರಿಂದ ಶುರು ಮಾಡಿ ಈಗ ಏಳು ಮಿಲಿಗ್ರಾಂಗೆ ಬಂದು ನಿಂತಿದ್ದೀವಿ" ಎಂದರು. ಕೆಲವರ ದೇಹವೇ ಹಾಗೆ ಎಂದು ನಾನೂ ತಲೆಯಾಡಿಸಿದೆ.

ಚಂದ್ರವ್ವ ನನ್ನನ್ನು ಕಂಡೊಡನೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಮೊದಲ ಮೂರು ದಿನ ಅವಳ ಲೋಟ ತಿಳಿಯಾಗಿತ್ತು, ಪುಸ್ತಕದಲ್ಲಿ ಹಾಗೇ ಬರೆದೆ. ನಾಲ್ಕನೆಯ ದಿನ ಬಸ್ಸು ಬೇಗ ಸಿಕ್ಕಿದ್ದರಿಂದ ಆರೂವರೆಗೇ ಆಸ್ಪತ್ರೆಗೆ ಬಂದೆ. ಹಿಂದಿನ ಬಾಗಿಲಿನಿಂದ ಒಳಗೆ ಹೋಗುವಾಗ ನಲ್ಲಿಯ ಹತ್ತಿರ ಸಾವಂತ್ರಿ ನಿಂತಿದ್ದಳು. ಕೈಯಲ್ಲಿ ಅತ್ತೆಯ ಲೋಟ. ನುಗ್ಗೆ ಗಿಡದ ಬುಡಕ್ಕೆ ನೀರು ಚೆಲ್ಲುತ್ತಿದ್ದಳು. ನೀರು ಮಜ್ಜಿಗೆಯಷ್ಟು ಬೆಳ್ಳಗಿತ್ತು.

ಅವಳು ಬೆಚ್ಚಲಿಲ್ಲ. ಲೋಟ ತೊಳೆದು, ಹೊಸ ನೀರು ಹಿಡಿದು, ಸೆರಗಿನಿಂದ ಹೊರಗಿನ ತೇವ ಒರೆಸಿದಳು.

"ನೋಡಿದ್ರಲ್ಲ ಅಕ್ಕಾರ," ಎಂದಳು. "ಹೋಗಿ ಹೇಳ್ರಿ."

"ಎಷ್ಟು ದಿನದಿಂದ?"

"ಬಂದ ಮರುದಿನದಿಂದ. ಹೇಳ್ರಿ ಹೋಗಿ. ಎಲ್ಲಾ ಗುಳಿಗಿ ನಿಲ್ಲಿಸ್ತಾರ. ಮೂರು ದಿನಕ್ಕ ಈಕಿನ್ನೂ ಹೊತ್ಕೊಂಡು ಹೋಗ್ತೀನಿ. ದಾರಿ ನನಗ ಗೊತ್ತೈತಿ."

ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ನಿಮ್ಮ ಮ್ಯಾಲ ನನಗೇನು ಸಿಟ್ಟಿಲ್ಲ. ನೀವು ಹೇಳಿದ್ದು ಮಾಡಿದ್ರಿ. ಆದ್ರ ಈ ಸಲ ಮಾಡಬ್ಯಾಡ್ರಿ. ನನಗ ಅಂತ ಇರೋದು ಇದೊಂದು ಜೀವ."

ಏಳಕ್ಕೆ ಪುಸ್ತಕ ಹಿಡಿದು ವಾರ್ಡಿಗೆ ಹೋದೆ. ಚಂದ್ರವ್ವನ ಲೋಟದ ಮುಂದೆ ನಿಂತೆ. 'ತಿಳಿ' ಎಂದು ಬರೆದೆ.

ನಾನು ಸುಮ್ಮನಿದ್ದು ಅವಳಿಗೆ ಉಪಕಾರ ಮಾಡುತ್ತೇನೆ ಎಂದುಕೊಂಡಿರಲಿಲ್ಲ. ಕೇಡು ಯಾವುದರಿಂದ ಎಂದು ಎರಡು ದಿನದಲ್ಲಿ ಹುಡುಕಿ, ಅದೊಂದನ್ನು ಮಾತ್ರ ಸರಿಪಡಿಸಿಬಿಟ್ಟರೆ ನಿಯಮದ ಬಾಯಿಗೂ ಬೀಳದೆ ಮುದುಕಿ ಉಳಿಯುತ್ತಾಳೆ ಎಂಬ ಧೈರ್ಯ. ಡಾಕ್ಟರ್ ಜುಬೇದಾಗೆ ಗುಟ್ಟಾಗಿ ಹೇಳಬಹುದಿತ್ತು. ಹೇಳಿದರೆ ಆಕೆಯೂ ನಿಯಮಕ್ಕೆ ಕಟ್ಟುಬೀಳಬೇಕು, ಕಟ್ಟುಬೀಳದಿದ್ದರೆ ಆಕೆಯ ಕೆಲಸಕ್ಕೆ ಕುತ್ತು. ಅದಕ್ಕೆ ನನ್ನೊಳಗೇ ಇಟ್ಟುಕೊಂಡೆ.

ಆದರೆ ಚಂದ್ರವ್ವ ಬಾಯಿ ಬಿಡಲಿಲ್ಲ. ಕಷಾಯ? ಇಲ್ಲ. ಮಂಡಿನೋವಿಗೆ ಏನಾದರೂ? ಇಲ್ಲ. ನಾಟಿ ಔಷಧ? ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆಗೆ ಸೊಪ್ಪೂ ಅಡ್ಡ ಬರುತ್ತದೆ, ಅದಕ್ಕೆ ದಿನಾ ಸೊಪ್ಪು ತಿನ್ನುತ್ತಿದ್ದಳೇ ಎಂದು ಸಾವಂತ್ರಿಯನ್ನು ಕೇಳಿದೆ. ವಾರಕ್ಕೊಮ್ಮೆ ಪುಂಡಿಪಲ್ಲೆ, ಅಷ್ಟೇ. ಬೇರೆ ಮಾತ್ರೆ? "ನಾನೇ ಕೈಯಾರೆ ಕೊಡ್ತೀನ್ರಿ, ಅದರ ಹೊರತು ಒಂದು ಕಾಳು ಇಲ್ಲ" ಎಂದು ಆಣೆ ಇಟ್ಟಳು. ಮೇಲ್ನೋಟಕ್ಕೆ ಮುದುಕಿ ಸುಧಾರಿಸುತ್ತಲೇ ಇದ್ದಳು. ಕಾಲಿನ ಬಾವು ಇಳಿಯಿತು, ಉಸಿರಾಟ ಹಗುರವಾಯಿತು. ಮೊದಲ ದಿನ ಕಳಿಸಿದ್ದ ರಕ್ತದ ಫಲಿತಾಂಶ ಒಂಬತ್ತನೆಯ ದಿನ ಬಂತು. ಅಳತೆ ಸರಿಯಾಗಿಯೇ ಇತ್ತು. ಆದರೂ ಇನ್ನೊಮ್ಮೆ ಕಳಿಸೋಣ ಎಂದು ಡಾಕ್ಟರ್ ಜುಬೇದಾ ಹತ್ತಿರ ಹಟ ಹಿಡಿದು ಮತ್ತೊಂದು ಸೀಸೆ ಕಳಿಸಿದೆ. ಅದು ಬರಲು ಮತ್ತೆ ಎಂಟು ದಿನ.

ಒಂದೇ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಚಂದ್ರವ್ವ ನಿದ್ದೆ ಮಾಡುತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಕಣ್ಣು ಕೆಂಡ, ಚಹಾದ ಬಟ್ಟಲು ಹಿಡಿದ ಕೈ ನಡುಗುತ್ತಿತ್ತು. "ಮನ್ಯಾಗ ಹೆಂಗ ಮಲಗ್ತಿದ್ಲು?" ಎಂದು ಸಾವಂತ್ರಿಯನ್ನು ಕೇಳಿದೆ. "ಮನ್ಯಾಗ ಬೇಷ್ ಮಲಗ್ತಿದ್ಲು," ಎಂದಳು, ಬೇರೇನನ್ನೋ ನುಂಗಿಕೊಂಡವಳ ಹಾಗೆ. ಜಾಗ ಬದಲಾಗಿದೆ, ಅದಕ್ಕೇ ಇರಬೇಕು ಎಂದುಕೊಂಡೆ. ಇಪ್ಪತ್ತಾರು ವರ್ಷದ ಅನುಭವ ಆ ಒಂದು ಪ್ರಶ್ನೆಯ ಹತ್ತಿರ ಬಂದು, ಮುಂದಿನ ಹೆಜ್ಜೆ ಇಡದೆ ಹಿಂದಕ್ಕೆ ಹೋಯಿತು.

ದಿನಗಳು ಕಳೆದವು. ಸಾವಂತ್ರಿ ಬೆಳಿಗ್ಗೆ ನೀರು ಚೆಲ್ಲುವುದು, ನಾನು ಏಳಕ್ಕೆ 'ತಿಳಿ' ಎಂದು ಬರೆಯುವುದು. ನಾವಿಬ್ಬರೂ ಕಣ್ಣು ಕೂಡಿಸುತ್ತಿರಲಿಲ್ಲ. ನಾಲ್ಕರಿಂದ ಹದಿಮೂರನೆಯ ದಿನದವರೆಗೆ, ಹತ್ತು ಸಲ ಬರೆದೆ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಸಾವಂತ್ರಿ ಗಿರಣಿಯ ಕಡೆ ಹೋಗಿದ್ದಳು. ಚಂದ್ರವ್ವ ಹಣೆ ಒತ್ತಿಕೊಂಡು ಕೂತಿದ್ದಳು. ತಲೆ ನೋಯುತ್ತದೆಯೇ ಎಂದು ಕೇಳಿದೆ. ಗೋಡೆಯ ಕಡೆ ತಿರುಗಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಮಂಚದ ತುದಿಯಲ್ಲಿ ಕೂತು, ಕೆಲಸದ ಮಾತು ಬಿಟ್ಟು ನನ್ನ ಮಾತು ಆಡಿದೆ.

"ಚಂದ್ರವ್ವಾ, ನಿನ್ನ ಮಗನ ಗುಳಿಗಿ ತಗೊಂಡು ಹೋದಾಕಿ ನಾನ. ತಗೋಬಾರದಿತ್ತು. ಅವ ಕೇಳ್ಕೊಂಡ, ನಾ ಕೇಳಲಿಲ್ಲ. ಅವತ್ತಿನಿಂದ ನನಗೂ ನಿದ್ದಿ ಇಲ್ಲ."

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಆಮೇಲೆ, "ನನಗ ಬರ್ತಿತ್ತು ನಿದ್ದಿ," ಎಂದಳು. "ಅವನ ಗುಳಿಗಿ ಇರೋತನ ಬರ್ತಿತ್ತು."

"ಯಾರ ಗುಳಿಗಿ?"

"ಬಾಳಂದು. ಅವ ದಿನಾ ನಾಕು ನುಂಗಾಂವ, ಆರು ತಿಂಗಳ ಗುಳಿಗಿ ಒಮ್ಮಿಗೇ ತಂದಿಟ್ಟಿದ್ದ. ಡಬ್ಬಿ ತುಂಬ ಇತ್ತು. ಬೂದಿ ಸಂಗಾಟ ಹೊಳಿಗಿ ಬಿಟ್ಟೆ ಅಂತ ಸಾವಂತ್ರಿಗಿ ಸುಳ್ಳು ಹೇಳಿದೆ. ಅವನ ಬಾಯಾಗ ಹೋಗಬೇಕಾದದ್ದು, ಹೊಳ್ಯಾಗ ಹೆಂಗ ಚೆಲ್ಲಲಿ? ದಿನಾ ಒಂದು ನಾನ ನುಂಗಿದೆ. ನುಂಗಿದ್ರ ಕಣ್ಣು ಮುಚ್ಕೋತಿತ್ತು. ನಿನಗ ಹೇಳಿದ್ರ ನೀ ಅದನ್ನೂ ಕಸ್ಕೊಂಡು ಹೋಗ್ತಿದ್ದಿ."

"ಈಗ ಎಲ್ಲಿ ಅದಾವ?"

"ಮುಗದ್ವು. ಇಲ್ಲಿಗಿ ಬರೋ ದಿನ ಕಡೀದು ನುಂಗಿದೆ." ಅವಳು ನನ್ನ ಮೊಣಕೈ ಹಿಡಿದುಕೊಂಡಳು. "ಸಾವಂತ್ರಿ ಮುಂದ ಅನಬ್ಯಾಡ. ನಾಚಿಕಿ ಬರ್ತೈತಿ."

ಎಲ್ಲ ಒಂದೇ ಏಟಿಗೆ ತಿಳಿಯಿತು. ಮೂರ್ಛೆಯ ಆ ಮಾತ್ರೆ ದೇಹದಲ್ಲಿರುವವರೆಗೆ ರಕ್ತ ತೆಳುವಾಗಿಸುವ ಮಾತ್ರೆಯ ಬಲ ಮುರಿಯುತ್ತದೆ. ಅದಕ್ಕೇ ಡಾಕ್ಟರು ಏರಿಸುತ್ತ ಏರಿಸುತ್ತ ಏಳಕ್ಕೆ ಬಂದದ್ದು. ಈಗ ಮಗನ ಮಾತ್ರೆ ನಿಂತಿತ್ತು, ಏಳು ಮಾತ್ರ ಹಾಗೇ ನಡೆದಿತ್ತು. ಹದಿನಾಲ್ಕು ದಿನ ಅವಳ ರಕ್ತ ದಿನದಿಂದ ದಿನಕ್ಕೆ ನೀರಾಗುತ್ತ ಬಂದಿತ್ತು.

ಓಡಿದೆ. ಡಾಕ್ಟರ್ ಜುಬೇದಾ ಹೊರರೋಗಿಗಳನ್ನು ನೋಡುತ್ತಿದ್ದರು. ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ, ಲೋಟದ ವಿಷಯವನ್ನೂ ಹೇಳಿದೆ. ಅವರು ಬಯ್ಯಲಿಲ್ಲ, ಬಯ್ಯಲು ಹೊತ್ತೂ ಇರಲಿಲ್ಲ. ನಾವು ಬರುವಷ್ಟರಲ್ಲಿ ಚಂದ್ರವ್ವನ ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. ತಲೆಯೊಳಗೆ ರಕ್ತಸ್ರಾವ ಶುರುವಾಗಿತ್ತು. ರಕ್ತ ಗಟ್ಟಿಯಾಗುವ ಇಂಜೆಕ್ಷನ್ ಕೊಟ್ಟರು. ದೊಡ್ಡ ಆಸ್ಪತ್ರೆ ಇರುವ ಊರಿಗೆ ಆಂಬುಲೆನ್ಸ್ ಹೊರಡಿಸಿದರು. ಸಾವಂತ್ರಿ ಗಿರಣಿಯಿಂದ ಮೈತುಂಬ ಖಾರದ ಪುಡಿ ಮೆತ್ತಿಕೊಂಡೇ ಓಡಿಬಂದು ಹತ್ತಿದಳು. ಅರ್ಧ ದಾರಿಯಲ್ಲಿ ಆಂಬುಲೆನ್ಸ್ ಹಿಂದಕ್ಕೆ ತಿರುಗಿತು.

ಮರುದಿನ ಪುಸ್ತಕ ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಹತ್ತು ದಿನ ಸುಳ್ಳು ಬರೆದೆ ಎಂದೆ. ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ತಿಳಿ ಅಂತ ಇದೆಯಲ್ಲ," ಎಂದರು.

"ಸುಳ್ಳು ಸಾರ್ ಅದು."

"ನೀರು ತಿಳಿಯಾಗಿತ್ತು, ಆದ್ದರಿಂದ ಔಷಧ ನಿಲ್ಲಿಸಲಿಲ್ಲ, ವಯಸ್ಸಾದ ಜೀವ ಹೋಯಿತು. ಆಸ್ಪತ್ರೆಯ ತಪ್ಪಿಲ್ಲ, ನಿಮ್ಮದೂ ಇಲ್ಲ. ಇದನ್ನ ಯಾಕೆ ಕೆಡಿಸ್ತೀರಿ? ಹೋಗಿ, ಎರಡು ದಿನ ರಜೆ ತಗೊಳ್ಳಿ." ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು.

ಮೂರ್ಛೆಯವರ ಮಾತ್ರೆ ನಿಲ್ಲಿಸಬಾರದು, ನಿಯಮವನ್ನಾದರೂ ತಿದ್ದಿ ಎಂದು ಕೇಳಿದೆ. ನೋಡೋಣ ಎಂದರು. ಅದು ಈಗಲೂ ಗೋಡೆಯ ಮೇಲೆ ಹಾಗೇ ಇದೆ. ನಾನು ವಾರ್ಡಿನ ಕೆಲಸ ಬಿಟ್ಟು ಮಾತ್ರೆ ಹಂಚುವ ಕಿಟಕಿಯ ಹಿಂದೆ ಕೂತೆ.

ಚಂದ್ರವ್ವ ಹೇಳಬೇಡ ಎಂದಿದ್ದಳು. ತಿಂಗಳ ಮೇಲಾದರೂ ನಾನು ಆ ಮಾತಿಗೆ ಕಟ್ಟುಬಿದ್ದಿದ್ದೆ. ಆದರೆ ಸಾವಂತ್ರಿ ಯಾರ ಜತೆಗೂ ಮಾತಾಡುವುದಿಲ್ಲ, ತಾನೇ ನೀರು ಚೆಲ್ಲಿ ಅತ್ತೆಯನ್ನು ಕೊಂದೆ ಎಂದುಕೊಂಡಿದ್ದಾಳೆ ಎಂಬ ಸುದ್ದಿ ಬಂತು. ಸತ್ತವಳ ನಾಚಿಕೆ ದೊಡ್ಡದೋ ಬದುಕಿರುವವಳ ಸಂಕಟ ದೊಡ್ಡದೋ ಎಂದು ನಾಲ್ಕು ದಿನ ತೂಗಿ ನೋಡಿದೆ. ಭಾನುವಾರ ಮಧ್ಯಾಹ್ನ ಗಿರಣಿಗೆ ಹೋದೆ.

ಸಾವಂತ್ರಿ ಗಿರಣಿ ನಿಲ್ಲಿಸಿ ಮೂಗಿನ ಬಟ್ಟೆ ಬಿಚ್ಚಿದಳು. ಕೂರಲು ಖಾಲಿ ಡಬ್ಬ ಬೋರಲು ಹಾಕಿದಳು. ನಾನು ಬಾಳಪ್ಪನ ಮಾತ್ರೆಯ ವಿಷಯ ಮೊದಲಿಂದ ಕೊನೆಯವರೆಗೆ ಹೇಳಿದೆ. ಕೊನೆಗೆ ಒಂದೇ ಕೇಳಿದಳು.

"ನಾ ನೀರು ಚೆಲ್ಲದಿದ್ರ, ಅವರು ಮೂರು ದಿನ ಎಲ್ಲಾ ನಿಲ್ಲಿಸ್ತಿದ್ರು. ನಿಲ್ಲಿಸಿದ್ರ ಅತ್ತಿ ಉಳೀತಿದ್ಲೇನ್ರಿ?"

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ದಾರಿಯುದ್ದಕ್ಕೂ ಒಂದು ಉತ್ತರ ಕಟ್ಟಿಕೊಂಡು ಬಂದಿದ್ದೆ, ಹೇಳಲಿಕ್ಕಾಗದು, ಯಾರ ಕೈಯಲ್ಲೂ ಇರಲಿಲ್ಲ ಎಂದು. ಅವಳ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ.

"ಉಳೀತಿದ್ಲು ಅನಸ್ತೈತಿ," ಎಂದೆ. "ಗುಳಿಗಿ ತಪ್ಪಿದ್ರ ಆ ಮೂರು ದಿನದಾಗ ರಕ್ತ ಗಟ್ಟಿ ಆಗ್ತಿತ್ತು. ಆಮ್ಯಾಲ ಹೊಸದಾಗಿ ಅಳತಿ ನೋಡಿ ಕೊಡ್ತಿದ್ರು. ನಾನೂ ಸುಮ್ಮನಿದ್ದೆ, ಸಾವಂತ್ರಿ. ನಿನ್ನಷ್ಟೇ ನಂದೂ ಪಾಲೈತಿ."

ಮಗನನ್ನು ಕೊಂದ ನಿಯಮ ತಾಯಿಯನ್ನು ಉಳಿಸುತ್ತಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ತಿಳಿಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಬೈದರೆ ಬೈಸಿಕೊಳ್ಳೋಣ ಎಂದು ಕಾದೆ. ಯಾರೋ ಹೆಂಗಸು ಮೆಣಸಿನಕಾಯಿಯ ಡಬ್ಬ ತಂದು ಬಾಗಿಲಲ್ಲಿ ಇಟ್ಟು, ನಮ್ಮಿಬ್ಬರ ಮುಖ ನೋಡಿ, ಆಮೇಲೆ ಬರ್ತೀನಿ ಎಂದು ಹೋದಳು. ಸಾವಂತ್ರಿ ಬೈಯಲಿಲ್ಲ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

"ಅಕ್ಕಾರ," ಹಿಂದಿನಿಂದ ಕರೆದಳು. "ಆ ಗುಳಿಗಿ ನುಂಗಿದ್ರ ನಿದ್ದಿ ಬರ್ತಿತ್ತಂತೇನು ಆಕಿಗಿ?"

"ಬರ್ತಿತ್ತಂತ. ಅದಿಲ್ಲದ ಬರ್ತಿರಲಿಲ್ಲಂತ."

ಅವಳು ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳಲು ಎತ್ತಿದವಳು ಅಲ್ಲಿಗೇ ನಿಲ್ಲಿಸಿದಳು.

"ಬಾಜೂಕ ಮಲಗಿ ಗೊರಕಿ ಹೊಡೀತಿದ್ಲು. ನನಗ ಕಣ್ಣು ಹತ್ತತಿರಲಿಲ್ಲ. ಹೆತ್ತ ಮಗ ಹೋದ್ರೂ ಈ ಮುದುಕಿಗಿ ಹೆಂಗ ನಿದ್ದಿ ಬರ್ತೈತಿ, ಇಕಿ ಎದ್ಯಾಗ ಕಲ್ಲೈತೇನು ಅಂತ ಎರಡು ವರ್ಷ ಮನಸಿನ್ಯಾಗ ಬೈದೀನ್ರಿ ಅಕ್ಕಾರ. ಎರಡು ವರ್ಷ ಆಕಿ ಸಂಗಾಟ ಒಂದು ದಿನ ಮಗ್ಗುಲಾಗಿ ಕೂತು ಉಂಡಿಲ್ಲ ನಾನು."